ಮಿಲಿಟ್ರಿ ಅಂಗಡಿಯ ಅಟ್ಟ



ಕಳೆದ ಸಂಚಿಕೆ ಅಚ್ಚಿಗೆ ಹೋದ ಮಾರನೆಯ ದಿನ ನಮ್ಮ ಊರಿನ ‘ಮಿಲಿಟ್ರಿ ಅಂಗಡಿ’ಯ ಹಿರಿಯರು ತೀರಿಕೊಂಡರು. ಎಂಬತ್ತು ದಾಟಿದ ಜೀವ. ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದು, ರಾತ್ರಿ ಮುದ್ದೆ ಉಂಡು ಮಲಗಿದವರು ಬೆಳಗಾಗುವಷ್ಟರಲ್ಲಿ ಇಲ್ಲವಾಗಿದ್ದರು. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಹಳ್ಳಿಯ ಕಡೆ ಇಂಥದ್ದನ್ನು ಪುಣ್ಯವಂತರ ಸಾವು ಎನ್ನುತ್ತಾರೆ.

ಅಡಿಕೆ ಧಾರಣೆ, ಬೋರ್ಡೋ ದ್ರಾವಣ ಸಿಂಪಡಿಸುವ ಕಾಲ, ಷೇರು ಹಣದ ನೋಟೀಸು ಇಂಥವಕ್ಕೆ ಮೀಸಲಾದ ನಮ್ಮ ಪತ್ರಿಕೆಯಲ್ಲಿ ಒಬ್ಬ ಕಿರಾಣಿ ಅಂಗಡಿಯವರ ವಿಷಯಕ್ಕೆ ಇಷ್ಟೊಂದು ಜಾಗವೇಕೆ ಎಂದು ಕೆಲವರು ಕೇಳಬಹುದು. ಸಾಲದ್ದಕ್ಕೆ ಅವರು ನಮ್ಮ ಸಂಘದ ಸದಸ್ಯರೂ ಆಗಿರಲಿಲ್ಲ. ಮೂರು ಬಾರಿ ನಾವೇ ಹೋಗಿ ಕರೆದರೂ ಆಗಲಿಲ್ಲ. ಆಗದೆ ಇರುವುದಕ್ಕೆ ಅವರಿಗೊಂದು ಕಾರಣವಿತ್ತು. ಆ ಕಾರಣವನ್ನು ಸದಸ್ಯರ ಮುಂದೆ ಇಡಬೇಕೆಂದೇ ಈ ಸಲ ಪತ್ರಿಕೆಯ ಪುಟಗಳನ್ನು ಇದಕ್ಕೆ ತೆಗೆದುಕೊಂಡಿದ್ದೇವೆ.

ಹೆಸರನ್ನು ಅಚ್ಚು ಹಾಕುವುದು ಬೇಡವೆಂದು ಅವರ ಮನೆಯವರು ಕೇಳಿಕೊಂಡಿದ್ದಾರೆ. ಉದ್ರಿ ಪುಸ್ತಕದ ಮಾತು ಬಂದೇ ಬರುವುದರಿಂದ, ಹೆಸರು ಬಿದ್ದರೆ ಇನ್ನಾರಿಗೋ ಮುಜುಗರವಾದೀತೆಂಬ ಎಣಿಕೆ. ಕೆ.ಬಿ. ಕ್ರಾಸ್ ಸುತ್ತಿನ ಹತ್ತು ಹಳ್ಳಿಯವರಿಗೆ ಹೆಸರು ಬೇಕಾಗಿಯೂ ಇಲ್ಲ. ತಿಪಟೂರಿನಿಂದ ತುಮಕೂರಿಗೆ ಹೋಗುವ ದಾರಿಗೆ ಒಂದು ಕಡೆಯಿಂದ ಚಿಕ್ಕನಾಯಕನಹಳ್ಳಿಯ ರಸ್ತೆ, ಇನ್ನೊಂದು ಕಡೆಯಿಂದ ತುರುವೇಕೆರೆಯ ರಸ್ತೆ ಬಂದು ಕೂಡುವ ಜಾಗ ಅದು. ಮೂರು ತಾಲ್ಲೂಕಿನ ತೆಂಗಿನ ಕಾಯಿ ಒಂದೇ ಧೂಳು ಕುಡಿಯುವ ಆ ಭಾಗದಲ್ಲಿ ಮಿಲಿಟ್ರಿ ಅಂಗಡಿ ಎಂದರೆ ಬಸ್ಸಿನ ಕಂಡಕ್ಟರು ಕೂಡ ನಿಲ್ಲಿಸುತ್ತಿದ್ದರು.

ಚೀನಾದೊಂದಿಗಿನ 1962ರ ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಆಳು ಸೇರಿಸಿಕೊಳ್ಳುವುದು ಜೋರಾಯಿತು. ಮರುವರ್ಷ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಭರ್ತಿಯಾದವರಲ್ಲಿ ಇವರೂ ಒಬ್ಬರು. ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. 1780ರಷ್ಟು ಹಿಂದೆ ಹುಟ್ಟಿದ ಪಡೆ ಅದು. ಸೇತುವೆ ಕಟ್ಟುವುದು, ದಾರಿ ಬಿಡಿಸುವುದು, ನೆಲದಲ್ಲಿ ಹುಗಿದ ಬಾಂಬುಗಳನ್ನು ಹುಡುಕಿ ತೆಗೆಯುವುದು ಅವರ ಕೆಲಸ. 1965ನ್ನೂ 1971ನ್ನೂ ಕಂಡು, ಹದಿನೇಳು ವರ್ಷ ದುಡಿದು, 1980ರಲ್ಲಿ ಪಿಂಚಣಿ ಹಾಕಿಸಿಕೊಂಡು ಊರಿಗೆ ಬಂದರು. ಬರುವಾಗ ಒಂದು ಕಪ್ಪು ಟ್ರಂಕು, ಒಂದು ಹಸಿರು ಕಂಬಳಿ, ಬೆಳಿಗ್ಗೆ ನಾಲ್ಕೂವರೆಗೆ ಏಳುವ ಅಭ್ಯಾಸ ತಂದಿದ್ದರು. ಕಂಬಳಿ ಕಡೆಯವರೆಗೂ ಇತ್ತು, ಮೇಲೆ ಹೊದಿಸಿದ್ದೂ ಅದನ್ನೇ.

ಯುದ್ಧದ ಕಥೆ ಹೇಳಿ ಎಂದು ನಾವು ಹುಡುಗರು ಕಾಡುತ್ತಿದ್ದೆವು. 1971ರ ಡಿಸೆಂಬರಿನಲ್ಲಿ ಶಕರ್‌ಗಢ ಭಾಗದ ಬಸಂತರ್ ನದಿಯ ಬಳಿ ನೆಲಬಾಂಬುಗಳ ನಡುವೆ ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದು ಮದ್ರಾಸ್ ಸ್ಯಾಪರ್ಸ್ ಜವಾನರು. ದಾರಿ ಪೂರ್ತಿಯಾಗುವ ಮೊದಲೇ ಪೂನಾ ಹಾರ್ಸ್ ದಳದ ಟ್ಯಾಂಕುಗಳು ನುಗ್ಗಿದವು. 21 ವರ್ಷದ ಅರುಣ್ ಖೇತರ್‌ಪಾಲ್ ಮಡಿದು ಪರಮವೀರ ಚಕ್ರ ಪಡೆದದ್ದು ಅದೇ ಕದನದಲ್ಲಿ. ಇದೆಲ್ಲ ನಾವು ಕಾಲೇಜಿಗೆ ಹೋದ ಮೇಲೆ ಪುಸ್ತಕದಲ್ಲಿ ಓದಿದ್ದು. ಅವರನ್ನು ಕೇಳಿದರೆ, “ನೆಲ ಚುಚ್ಚಿ ಚುಚ್ಚಿ ನೋಡ್ಕಂಡು ಗೇಣು ಗೇಣು ಮುಂದೆ ಹೋಗೋದು ಮಗ, ಕಳೆ ಕಿತ್ತಂಗೆ. ಅವಸ್ರ ಮಾಡ್ದೋನು ಹೋದ” ಎನ್ನುವುದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಅವರ ಎಡಗೈಯಲ್ಲಿ ಎರಡು ಬೆರಳಿನ ತುದಿ ಇರಲಿಲ್ಲ. ಬಾಂಬು ಸಿಡಿದು ಹೋದದ್ದೆಂದು ಊರಿನ ಮಕ್ಕಳೆಲ್ಲ ನಂಬಿದ್ದೆವು. ಶಾಲೆಯಲ್ಲಿ ಅದಕ್ಕಾಗಿ ಜಗಳವನ್ನೂ ಆಡಿದ್ದೇವೆ. ಎಷ್ಟೋ ವರ್ಷದ ಮೇಲೆ ಅವರೇ ನಗುತ್ತಾ ಹೇಳಿದರು: ಪಾಕಿಸ್ತಾನದವರು ಏನೂ ಮಾಡಲಿಲ್ಲವಂತೆ, ಊರಿಗೆ ಬಂದ ಮೊದಲ ವರ್ಷ ಕೊಬ್ಬರಿ ಚಿಪ್ಪು ಒಡೆಯುವಾಗ ಮಚ್ಚು ತಗುಲಿ ಹೋದದ್ದಂತೆ.

ಅಂಗಡಿ ತೆರೆದದ್ದು 1981ರಲ್ಲಿ. ನಮಗಾಗ ಹನ್ನೆರಡು ವರ್ಷ. ತಂದೆಯ ಪಾಲಿನಿಂದ ಅವರಿಗೆ ಬಂದದ್ದು ಮನೆಯ ಹಿತ್ತಿಲಿನ ಎಂಟು ಮರ ಮತ್ತು ಹಳೆಯ ಕಾಲದ ಒಂದು ದೊಡ್ಡ ಹೆಂಚಿನ ಮನೆ. ಮನೆಯ ಮುಂದಿನ ಅಂಕಣವೇ ಅಂಗಡಿಯಾಯಿತು. ಹುರಿಗಡಲೆ, ಬೆಲ್ಲ, ಸೀಮೆಎಣ್ಣೆ, ಬೀಡಿ, ಸೋಪು, ಸ್ಲೇಟು, ಬಳಪ. ಬೇರೆ ಅಂಗಡಿಗಳಲ್ಲಿ ‘ಇಂದು ನಗದು ನಾಳೆ ಉದ್ರಿ’ ಎಂಬ ಹಲಗೆ ನೇತಾಡುತ್ತಿದ್ದ ಕಾಲ. ಇವರ ಅಂಗಡಿಯಲ್ಲಿ ಆ ಜಾಗದಲ್ಲಿ ಒಂದು ಕನ್ನಡಿ ಇತ್ತು. ತಕ್ಕಡಿಯ ವಿಷಯದಲ್ಲಿ ಅವರದ್ದು ಮಿಲಿಟರಿ ಶಿಸ್ತೇ: ಮುಳ್ಳು ನಿಲ್ಲುವವರೆಗೆ ಕೈ ತೆಗೆದು ಕಾಯುವುದು. ಸಂತೆಗೆ ಹೊರಟವರು ಅವಸರಪಡಿಸಿದರೂ ಕಾಯುವುದೇ. ಮಕ್ಕಳಿಗೆ ಪೊಟ್ಟಣ ಕಟ್ಟಿದ ಮೇಲೆ ಎರಡು ಕಾಳು ಕಡಲೆ ಅಂಗೈಗೆ ಹಾಕುತ್ತಿದ್ದರು. ಅದು ತೂಕಕ್ಕೆ ಸೇರಿದ್ದಲ್ಲ.

ಇಷ್ಟಾಗಿದ್ದರೆ ಒಳ್ಳೆಯ ಅಂಗಡಿಯವರೊಬ್ಬರಿದ್ದರು, ಹೋದರು ಎನ್ನಬಹುದಿತ್ತು. ವಿಷಯವಿರುವುದು ಅಂಗಡಿಯಲ್ಲಲ್ಲ, ಅಂಗಡಿಯ ಮೇಲಿನ ಅಟ್ಟದಲ್ಲಿ. ಈ ಪತ್ರಿಕೆ ಓದುವವರಲ್ಲಿ ಬಹಳ ಜನ ಘಟ್ಟದ ಕಡೆಯ ಕಾಫಿ ಬೆಳೆಗಾರರಾದ್ದರಿಂದ ಇಲ್ಲಿ ನಮ್ಮ ಕಡೆಯ ಕೊಬ್ಬರಿಯ ಬಗ್ಗೆ ನಾಲ್ಕು ಮಾತು ಹೇಳಬೇಕು.

ಕರಾವಳಿಯವರು ಕಾಯಿ ಒಡೆದು ಬಿಸಿಲಿಗೆ ಹರವಿ ಎಣ್ಣೆಗೆ ಕಳಿಸುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತರದ್ದು ಉಂಡೆ ಕೊಬ್ಬರಿ, ಗಿಟುಕು ಎನ್ನುತ್ತೇವೆ. ಪೂರಾ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಬೇಕು. ಅಟ್ಟದ ನೆಲ ಹಲಗೆಯದಲ್ಲ, ಸಂದು ಬಿಟ್ಟು ಜೋಡಿಸಿದ ಅಡಿಕೆ ದಬ್ಬೆಯದು, ಕೆಳಗಿನಿಂದ ಗಾಳಿಯಾಡಬೇಕು. ಅಲ್ಲಿ ಹತ್ತು ಹನ್ನೊಂದು ತಿಂಗಳು ಕಾಯಿ ಸುಮ್ಮನೆ ಮಲಗಿರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆ ಹೊರಗೆ ತೆಗೆಯುವುದು. ಉತ್ತರದ ಊರುಗಳಿಗೆ ಹಬ್ಬಕ್ಕೂ ಮದುವೆಗೂ ಹೋಗುವುದು ಈ ಉಂಡೆ. ಇದರಲ್ಲಿ ಯಂತ್ರವಿಲ್ಲ, ಮದ್ದಿಲ್ಲ. ಕಾಯುವುದೇ ಕೆಲಸ.

ಆದರೆ ಕಾಯುವುದಕ್ಕೆ ಅಟ್ಟ ಬೇಕು, ಅಟ್ಟಕ್ಕೆ ದೊಡ್ಡ ಮನೆ ಬೇಕು, ಕಾಯುವ ಹನ್ನೊಂದು ತಿಂಗಳು ಒಲೆ ಉರಿಯಬೇಕು. ಇದು ಮೂರೂ ಇದ್ದವನು ಕೊಬ್ಬರಿ ಬೆಳೆಗಾರ. ಇಲ್ಲದವನು, ಅವನ ಮರವೂ ಅದೇ ಜಾತಿಯದಾದರೂ, ಬರೀ ಕಾಯಿ ಮಾರುವವನು. ಕೆಡವಿದ ವಾರದಲ್ಲೇ ವ್ಯಾಪಾರಿ ಹೇಳಿದ ಬೆಲೆಗೆ ಹಸಿಕಾಯಿ ಕೊಟ್ಟು ರಾಗಿ ತರಬೇಕು. ಜನತಾ ಮನೆಯ ಸಿಮೆಂಟ್ ಶೀಟಿನ ಕೆಳಗೆ ಎಲ್ಲಿಯ ಅಟ್ಟ?

ಮಿಲಿಟ್ರಿ ಅಂಗಡಿಯವರು ಮಾಡಿದ್ದಿಷ್ಟೇ. ತಮ್ಮ ಎಂಟು ಮರದ ಕಾಯಿಗೆ ಅಷ್ಟು ದೊಡ್ಡ ಅಟ್ಟ ಬೇಡವೆಂದು, ಅಟ್ಟವನ್ನು ಬಿದಿರು ತಟ್ಟಿಯಿಂದ ಭಾಗ ಮಾಡಿ, ಅಟ್ಟವಿಲ್ಲದವರ ಕಾಯಿಗೆ ಬಿಟ್ಟುಕೊಟ್ಟರು. ಭಾಗದ ಮೇಲಿನ ತೊಲೆಯಲ್ಲಿ ಸುಣ್ಣದಿಂದ ಒಂದೊಂದು ಗುರುತು. ಅಕ್ಷರ ಬಾರದವರು ತಮ್ಮ ಗುರುತನ್ನು ತಾವೇ ಆರಿಸಿಕೊಂಡರು. ಅಟ್ಟದಲ್ಲಿ ಕಾಯಿ ಇರುವವರಿಗೆ ಕೆಳಗೆ ಅಂಗಡಿಯಲ್ಲಿ ಉದ್ರಿ. ಕೊಬ್ಬರಿ ಮಾರಿದ ದಿನ ಲೆಕ್ಕ ಚುಕ್ತಾ. ಬಡ್ಡಿಯಿಲ್ಲ, ಅಟ್ಟದ ಬಾಡಿಗೆಯಿಲ್ಲ. ಮಂಡಿಗೆ ಹೋಗುವಾಗ ಅವರ ಎಂಟು ಮರದ ಮೂಟೆಯನ್ನೂ ಅದೇ ಗಾಡಿಗೆ ಹಾಕಿಕೊಂಡು ಹೋಗಬೇಕು, ಅಷ್ಟು. ಮಂಡಿಯಲ್ಲಿ ಮೂಟೆಗೆ ಇಷ್ಟೆಂದು ತೂಕದಲ್ಲಿ ಸೂಟು ಕಡಿಯುತ್ತಿದ್ದ ಕಾಲದಲ್ಲಿ ಅವರು ಊರಿನಲ್ಲೇ ತೂಗಿ ಚೀಟಿ ಬರೆದುಕೊಟ್ಟು ಕಳಿಸುತ್ತಿದ್ದರು. ಆ ಚೀಟಿಗೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಆದರೂ ದಲ್ಲಾಳಿಗಳು ಅದನ್ನು ಒಮ್ಮೆ ಓದಿ ನೋಡಿಯೇ ಮಾತನಾಡುತ್ತಿದ್ದರು.

ಇದನ್ನು ಧರ್ಮವೆಂದು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. “ನಂದೇನೈತೆ? ಒಂದ್ನೇ ತಾರೀಕು ಸರ್ಕಾರ ಪಿಂಚಣಿ ಕೊಡ್ತೈತೆ. ನಾನ್ ಕಾಯ್ಬೋದು, ಅವ್ರಿಗೆ ಕಾಯಕ್ಕಾಗಲ್ಲ. ಕಾಯೋಕಾಗೋನು ಕಾಯಕ್ಕಾಗ್ದೋರ ಪರ ನಿಂತ್ಕಬೇಕಪ್ಪ, ಪಹರೆ ಇದ್ದಂಗೆ.” ಲೆಕ್ಕ ಹಾಕಿದರೆ ಮಾತು ಸರಿಯಾಗಿಯೇ ಇದೆ. ದೇಶ ಒಬ್ಬ ಜವಾನನಿಗೆ ಕೊಟ್ಟ ಸಣ್ಣ ಪಿಂಚಣಿಯ ಮೇಲೆ ಇಪ್ಪತ್ತು ಮೂವತ್ತು ಮನೆಯವರು ವರ್ಷವಿಡೀ ಕಾಯುವ ಶಕ್ತಿ ಪಡೆದಿದ್ದರು.

ಈಗ ನಮ್ಮ ಸಂಘದ ಮಾತಿಗೆ ಬರೋಣ. ಬರೆಯಲು ಸಂತೋಷವಿಲ್ಲ.

2016ರ ಬರದ ಮರುವರ್ಷ ಒಬ್ಬ ಹೆಣ್ಣುಮಗಳು ಸಂಘದ ಕಚೇರಿಗೆ ಬಂದರು. ಗಂಡ ತೀರಿಹೋಗಿ ಆರೇಳು ವರ್ಷ. ಮೂವತ್ತು ಮರ. ಕಾಯಿ ನಮ್ಮ ಗೋಡೌನಿನಲ್ಲಿಟ್ಟು ಮುಂಗಡ ಕೊಡಿ ಎಂದು ಕೇಳಿದರು. ಅಡಮಾನ ಸಾಲ ನಮ್ಮಲ್ಲಿ ಉಂಟು, ಬೋರ್ಡು ಕೂಡ ಇದೆ. ಆದರೆ ಪಹಣಿ ಇನ್ನೂ ಮಾವನವರ ಹೆಸರಿನಲ್ಲಿತ್ತು. ಪೌತಿ ಖಾತೆ ಆಗಿರಲಿಲ್ಲ. ಮೈದುನರ ಸಹಿ ಸಿಗುವ ಹಾಗೂ ಇರಲಿಲ್ಲ. ಖಾತೆ ಮಾಡಿಸಿಕೊಂಡು ಬನ್ನಿ ಎಂದೆವು. ನಿಯಮದಲ್ಲಿ ತಪ್ಪಿಲ್ಲ. ಆ ದಿನ ಮಧ್ಯಾಹ್ನ ಅವರು ಕಚೇರಿಯ ಕಟ್ಟೆಯ ಮೇಲೆ ಎಷ್ಟೋ ಹೊತ್ತು ಕುಳಿತಿದ್ದರು. ನಾವು ಊಟಕ್ಕೆ ಹೋಗಿ ಬಂದಾಗ ಇರಲಿಲ್ಲ. ಕಾಯಿ ಮಿಲಿಟ್ರಿ ಅಂಗಡಿಯ ಅಟ್ಟ ಸೇರಿತು.

ಮೂರು ದಿನ ಬಿಟ್ಟು ಆ ಹಿರಿಯರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ನೆಟ್ಟಗೆ ಕುಳಿತು ಕೇಳಿದರು: “ಏನಪ್ಪಾ ಸೆಕ್ರೆಟ್ರಿ, ಗೊಬ್ರ ಹೊತ್ತಾಗ ಆಯಮ್ಮನ ಪಾಣಿ ಯಾರೂ ಕೇಳ್ಲಿಲ್ಲ. ಕಾಯಿ ಇಡೋವಾಗ ಯಾಕೆ?” ನಾವು ವಿಮೆ ಎಂದೆವು, ಆಡಿಟ್ ಎಂದೆವು, ಉಪವಿಧಿಯ ಪುಸ್ತಕ ತೆಗೆದು ತೋರಿಸಿದೆವು. ಪದವಿ ಓದಿದವರಿಗೆ ಪುಸ್ತಕ ತೋರಿಸುವ ಚಟ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಸರಿ ಬಿಡು, ನೀನೇನ್ ಮಾಡೀಯ. ಆಯಮ್ಮನ ಕಾಯಿಗೆ ನಿಮ್ ಗೋಡೌನಲ್ಲಿ ಜಾಗ ಆದ್ ದಿನ ನನ್ ಷೇರು ಬರ್ಕೊ” ಎಂದು ಎದ್ದು ಹೋದರು. ಆಮೇಲೆ ಎರಡು ಸಲ ನಾವು ಹೋಗಿ ಸದಸ್ಯರಾಗಿ ಎಂದು ಕರೆದಾಗಲೂ ಉತ್ತರ ಬದಲಾಗಲಿಲ್ಲ. ನಮ್ಮನ್ನು ನೋಡಿ ಒಂದು ದಿನವೂ ಮುಖ ಗಂಟಿಕ್ಕಿಕೊಳ್ಳಲಿಲ್ಲ. ಅದೇ ನಮಗೆ ಹೆಚ್ಚು ಕಷ್ಟವಾದದ್ದು.

ಆ ಹೆಣ್ಣುಮಗಳ ಲೆಕ್ಕವನ್ನು ಒಮ್ಮೆ ನೋಡಿ. ಮಳೆ ನಂಬಿದ ತೋಟದಲ್ಲಿ ಮರಕ್ಕೆ ಐವತ್ತು ಕಾಯಿ ಹಿಡಿದರೂ ಮೂವತ್ತು ಮರಕ್ಕೆ 1,500 ಕಾಯಿ. ಗಿಟುಕೊಂದು ನೂರರಿಂದ ನೂರೈವತ್ತು ಗ್ರಾಂ ತೂಗುತ್ತದೆ. ಕ್ವಿಂಟಾಲಿಗೆ ಏಳುನೂರರಿಂದ ಸಾವಿರ ಕಾಯಿ ಬೇಕು. ಅಂದರೆ ವರ್ಷಕ್ಕೆ ಅವರದ್ದು ಒಂದೂವರೆಯಿಂದ ಎರಡು ಕ್ವಿಂಟಾಲ್ ಕೊಬ್ಬರಿ. ದೊಡ್ಡ ತೋಟದವರಿಗೆ ಇದು ಲೆಕ್ಕಕ್ಕಿಲ್ಲದ ಮಾಲು. ಎರಡು ಕ್ವಿಂಟಾಲಿಗೆ ಎಂಟು ಸಾವಿರದಂತೆ ಸಿಕ್ಕಿದರೆ 16 ಸಾವಿರ, ಹನ್ನೆರಡರಂತೆ ಸಿಕ್ಕಿದರೆ 24 ಸಾವಿರ. ನಡುವಿನ ಎಂಟು ಸಾವಿರದಲ್ಲಿ ಮಗಳ ಹಾಸ್ಟೆಲ್ಲಿದೆ.

ಎಂಟು ಮತ್ತು ಹನ್ನೆರಡು ನಾವು ಸುಮ್ಮನೆ ಹೇಳಿದ ಅಂಕಿಗಳಲ್ಲ. 2021ರಲ್ಲಿ ಕ್ವಿಂಟಾಲಿಗೆ 15 ಸಾವಿರ ದಾಟಿದ್ದ ಉಂಡೆ ಕೊಬ್ಬರಿ 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿದದ್ದು ನಮ್ಮ ಭಾಗದವರ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ. 2024ರ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ. ನಾಫೆಡ್ ಖರೀದಿಗೆ ಹೆಸರು ಬರೆಸಲು ಹೆಂಗಸರು ಗಂಡಸರೆನ್ನದೆ ರಾತ್ರಿಯೇ ಬಂದು ಸಾಲು ನಿಂತರು. ಫೆಬ್ರುವರಿಯ ನೋಂದಣಿ ರದ್ದಾಗಿ, ಮಾರ್ಚಿನಲ್ಲಿ ಬೆರಳಚ್ಚು ಹಿಡಿದು ಮತ್ತೆ ಬರೆಸಿಕೊಂಡರು. ಬೆರಳು, ಆಧಾರ್, ಫ್ರೂಟ್ಸ್ ನಂಬರು, ಎಲ್ಲಕ್ಕೂ ಬುಡದಲ್ಲಿ ಅದೇ ಪಹಣಿ. ಪಹಣಿ ಇದ್ದವರ ಅರ್ಜಿಗಳನ್ನು ಆ ದಿನಗಳಲ್ಲಿ ಮಿಲಿಟ್ರಿ ಅಂಗಡಿಯವರು ಬೆಂಚಿನ ಮೇಲೆ ಕೂರಿಸಿಕೊಂಡು ಒಂದೊಂದಾಗಿ ತುಂಬಿಕೊಟ್ಟರು. ಇಲ್ಲದವರಿಗೆ ಏನು ಮಾಡುವುದು? ಇನ್ನೊಬ್ಬರ ಪಹಣಿಯ ಮೇಲೆ ಮಾಲು ಬಿಡುವ ದಾರಿಯೊಂದನ್ನು ಯಾರೋ ಹೇಳಿದರು. ಇವರು ಒಪ್ಪಲಿಲ್ಲ. ಸುಳ್ಳು ರುಜು ತಮ್ಮ ಬೆಂಚಿನ ಮೇಲೆ ಆಗಬಾರದೆಂದರು. ಇದರಿಂದ ಕೆಲವರಿಗೆ ಅವರ ಮೇಲೆ ಬೇಸರವೂ ಆಯಿತು. ಎರಡು ಮನೆಯವರು ಕಾಯಿ ಇಳಿಸಿಕೊಂಡು ಹೋದರು. ಆ ವಿಷಯದಲ್ಲಿ ಅವರು ಮಾಡಿದ್ದು ಸರಿಯೇ ಎಂದು ನಮಗೆ ಈಗಲೂ ಪೂರ್ಣ ನಿಶ್ಚಯವಿಲ್ಲ. ಹಸಿದವರ ಮುಂದೆ ರುಜುವಾತಿನ ನ್ಯಾಯ ಹೇಳುವುದು ನಮ್ಮಂಥ ಕಚೇರಿಯವರಿಗೆ ಸುಲಭ. ಅವರಿಗೆ ಅದು ಸುಲಭವಾಗಿರಲಿಲ್ಲ, ನಾವು ಕಂಡಿದ್ದೇವೆ.

ಕಾಯ್ದವರೆಲ್ಲ ಗೆದ್ದರೆಂದು ಬರೆದರೆ ಅದೂ ಸುಳ್ಳಾಗುತ್ತದೆ. 2021ರಲ್ಲಿ ಇನ್ನೂ ಏರೀತೆಂದು ಅಟ್ಟದಲ್ಲೇ ಬಿಟ್ಟವರು ಮಣ್ಣು ಮುಕ್ಕಿದರು. ಆ ಸಲ ಕಾಯಿರಿ ಎಂದು ಸಲಹೆ ಕೊಟ್ಟವರಲ್ಲಿ ಇವರೂ ಇದ್ದರು. ಅದಕ್ಕಾಗಿ ಮೂರು ನಾಲ್ಕು ಮನೆಯವರ ಉದ್ರಿಯಲ್ಲಿ ಒಂದಷ್ಟು ಹೊಡೆದುಹಾಕಿದರೆಂದು ಈಗ ಪುಸ್ತಕದಿಂದ ತಿಳಿಯುತ್ತದೆ, ಬಾಯಿಬಿಟ್ಟು ಹೇಳಿರಲಿಲ್ಲ. 2024ರಲ್ಲಿ ಅಟ್ಟಕ್ಕೆ ಹೋದ ಕಾಯಿ ಇಳಿಯುವ ಹೊತ್ತಿಗೆ ಧಾರಣೆ ಮೇಲೇರಿ, 2025ರಲ್ಲಿ 20 ಸಾವಿರವನ್ನೂ ದಾಟಿತು. ಆ ಏರಿಕೆಯಲ್ಲಿ ಪಾಲು ಸಿಕ್ಕಿದ್ದು ಅಟ್ಟದಲ್ಲಿ ಕಾಯಿ ಇದ್ದವರಿಗೆ ಮಾತ್ರ. ನಮ್ಮ ಕಟ್ಟೆಯ ಮೇಲೆ ಕುಳಿತು ಹೋದ ಆ ಹೆಣ್ಣುಮಗಳೂ ಅವರಲ್ಲೊಬ್ಬರು. ಅದರಲ್ಲಿ ನಮ್ಮ ಸಂಘದ ಪಾತ್ರ ಏನೂ ಇಲ್ಲ.

ಉದ್ರಿ ಪುಸ್ತಕದ ಮಾತು. ಹನ್ನೊಂದನೆಯ ದಿನದ ಕಾರ್ಯವಾದ ಮೇಲೆ ಮನೆಯವರು ಕರೆದು, ಲೆಕ್ಕ ಬಲ್ಲವರು ಒಮ್ಮೆ ನೋಡಿ ಎಂದು ಪುಸ್ತಕಗಳನ್ನು ನಮ್ಮ ಮುಂದಿಟ್ಟರು. ಒಟ್ಟು ಮೊತ್ತ ಹೇಳುವುದು ನಮ್ಮ ಕೆಲಸವಲ್ಲ. ಆದರೆ ಒಂದು ಸಂಗತಿ ಹೇಳಲೇಬೇಕು. ಅಟ್ಟದ ಗುರುತಿನವರ ಲೆಕ್ಕಗಳು ವರ್ಷ ವರ್ಷ ಚುಕ್ತಾ ಆಗಿವೆ, ಒಂದೆರಡು ಬಿಟ್ಟರೆ. ಹಳೆಯ ಬಾಕಿ ಉಳಿದಿರುವುದು ಅಟ್ಟದ ಅಗತ್ಯವೇ ಇಲ್ಲದವರದ್ದು; ಮಗನ ಮದುವೆಗೆ ತಂದ ಸಕ್ಕರೆ, ಜಾತ್ರೆಗೆ ತಂದ ಎಣ್ಣೆ. ಇನ್ನೊಂದು ಹಾಳೆಯ ತಲೆಯಲ್ಲಿ ‘ಸಂಘ’ ಎಂದು ಬರೆದಿತ್ತು. ನಮ್ಮ ಒಂದು ವಾರ್ಷಿಕ ಸಭೆಗೆ ತರಿಸಿದ ಕಾಫಿಪುಡಿ, ಸಕ್ಕರೆ, ಎರಡು ಪೊಟ್ಟಣ ಬಿಸ್ಕತ್ತು: 640 ರೂಪಾಯಿ. ಹಿಂದೆಂದೋ ಕೊಡುವುದು ಮರೆತದ್ದು. ಅವರು ಸಾಲ ಕೊಡದ ಸಂಘಕ್ಕೆ ಸಾಲ ಕೊಟ್ಟು ಸುಮ್ಮನಿದ್ದರು. ಹಣ ಅಂದೇ ಕಟ್ಟಿದ್ದೇವೆ. ವೋಚರು ಆಡಿಟ್ಟಿಗೆ ಸಿಗುತ್ತದೆ.

ನಾಡಿನ ಹಿರಿಯ ಸ್ವಾತಂತ್ರ್ಯ ಹೋರಾಟಗಾರರಾದ ಎಚ್.ಎಸ್. ದೊರೆಸ್ವಾಮಿಯವರೂ ಒಂದು ಕಾಲಕ್ಕೆ ಮೈಸೂರಿನಲ್ಲಿ ‘ಸಾಹಿತ್ಯ ಮಂದಿರ’ ನಡೆಸಿ ಪುಸ್ತಕ ಮಾರಿದವರೇ. 2021ರ ಮೇ 26ರಂದು 103 ವರ್ಷ ತುಂಬು ಬಾಳು ಬಾಳಿ ಅವರು ಹೋದಾಗ ಪತ್ರಿಕೆಗಳು ಪುಟ ಪುಟ ಬರೆದವು, ಬರೆಯಬೇಕಾದದ್ದೇ. ನಮ್ಮ ಊರಿನ ಅಂಗಡಿಯವರಿಗೆ ಜಿಲ್ಲಾ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ. ಆ ಕೊರತೆ ತುಂಬಲೆಂದು ಕೆಲವು ಸದಸ್ಯರು ಸಲಹೆ ತಂದಿದ್ದಾರೆ: ಸಂಘದ ಹೊಸ ಗೋಡೌನಿಗೆ ಅವರ ಹೆಸರಿಡಬೇಕು, ಬಾಗಿಲಲ್ಲಿ ಸಮವಸ್ತ್ರದ ಭಾವಚಿತ್ರ ತೂಗುಹಾಕಬೇಕು. ಭಾವನೆ ಒಳ್ಳೆಯದು. ಆದರೂ ನಾವು ಇದಕ್ಕೆ ವಿರೋಧ. ಅವರು ಕೇಳಿದ ಒಂದೇ ಒಂದು ಕಾಯಿ ರಾಶಿಗೆ ಜಾಗ ಕೊಡದ ಗೋಡೌನಿಗೆ ಅವರ ಹೆಸರು ಹಾಕುವುದು ನಮ್ಮ ಕೈಯಿಂದ ಆಗದು.

ಅದರ ಬದಲು ಹೀಗೆ ಮಾಡಬಹುದು. ಹಳೆಯ ಗೋಡೌನಿನ ಮಾಡು ಎತ್ತರವಿದೆ. ಗೋಡೆಗೆ ತೊಲೆ ಕೊಟ್ಟು ಅಡಿಕೆ ದಬ್ಬೆಯ ಅಟ್ಟ ಹಾಕಿದರೆ ಹತ್ತಾರು ಸಣ್ಣ ರಾಶಿಗಳಿಗೆ ಜಾಗವಾಗುತ್ತದೆ. ದಬ್ಬೆ ಕೊಡಲು ಇಬ್ಬರು ಅಡಿಕೆ ಬೆಳೆಗಾರರು ಈಗಾಗಲೇ ಒಪ್ಪಿದ್ದಾರೆ. ಎರಡು ಸಾವಿರದೊಳಗಿನ ಕಾಯಿಗೆ ಪಹಣಿ ಕೇಳುವುದು ಬೇಡ, ಮರ ಇವರದೇ, ದುಡಿಮೆ ಇವರದೇ ಎಂದು ಇಬ್ಬರು ಸದಸ್ಯರು ರುಜು ಹಾಕಿದರೆ ಸಾಕು. ಮುಂಗಡವನ್ನು ದುಡ್ಡಾಗಿ ಕೊಡುವುದಕ್ಕಿಂತ ಸಂಘದ ಮಳಿಗೆಯಿಂದ ದಿನಸಿಯಾಗಿ ಕೊಟ್ಟರೆ ಉತ್ತಮ. ಕಾನೂನು ಅಡ್ಡಿ ಎನ್ನುವ ನಿರ್ದೇಶಕರಿಗೆ ನಮ್ಮ ಉತ್ತರ ಸಿದ್ಧವಿದೆ: 1959ರ ಸಹಕಾರ ಸಂಘಗಳ ಕಾಯಿದೆಯಲ್ಲೇ ಸಹ ಸದಸ್ಯರನ್ನು ಸೇರಿಸಿಕೊಳ್ಳಲು ಅವಕಾಶವಿದೆ. ಮತದ ಹಕ್ಕಿಲ್ಲದಿದ್ದರೂ ಚಿಂತೆಯಿಲ್ಲ, ಅವರು ಕೇಳುತ್ತಿರುವುದು ಮತವಲ್ಲ. ಉಪವಿಧಿ ನಾವೇ ಬರೆದದ್ದು, ಸರ್ವಸದಸ್ಯರ ಸಭೆಯಲ್ಲಿ ನಾವೇ ತಿದ್ದಬಹುದು. ಎಂಟು ವರ್ಷದ ಹಿಂದೆ ಈ ಬುದ್ಧಿ ಎಲ್ಲಿ ಹೋಗಿತ್ತು ಎಂದು ಯಾರಾದರೂ ಕೇಳಿದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ನಷ್ಟವಾದರೆ ಯಾರು ಹೊರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಲಿ ಉಂಟು, ಬೆಂಕಿ ಉಂಟು, ಧಾರಣೆ ಬೀಳುವುದುಂಟು. ಒಬ್ಬ ಪಿಂಚಣಿದಾರ ನಲವತ್ತು ವರ್ಷ ಒಬ್ಬರೇ ಹೊತ್ತದ್ದನ್ನು ಲಾಭಾಂಶ ಹಂಚುವ ಸಂಘ ಹೊರಲಾರದೆ ಎಂದು ನಾವು ಕೇಳುತ್ತೇವೆ. ಲಾಭದಲ್ಲಿ ಒಂದು ಸಣ್ಣ ಪಾಲನ್ನು ಇದಕ್ಕೆಂದು ತೆಗೆದಿಟ್ಟರೆ ಆದೀತು. ಘಟ್ಟದ ಸದಸ್ಯರು ಇದನ್ನು ಬಯಲುಸೀಮೆಯವರ ಗೋಳು ಎಂದು ಬದಿಗಿಡಬಾರದು. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಕೊನೆಯಾಗುವವರೆಗೆ ಕಂತು ಕಂತಾಗಿ ಬರುವ ಹಣಕ್ಕೆ ಕಾದ ನೆನಪು ಹಿರಿಯ ಕಾಫಿ ಬೆಳೆಗಾರರಿಗಿದೆ. ಆ ಕಾಲದಲ್ಲಿ ಕಾಯಲಾರದೆ ಯಾರು ಯಾರ ಬಾಗಿಲಿಗೆ ಹೋದರೆಂಬುದೂ ಗೊತ್ತಿದೆ. ಅಡಿಕೆಯವರಿಗಂತೂ ಹೇಳಬೇಕಾಗಿಲ್ಲ. ಧಾರಣೆ ಕುಸಿದು ಕೊಳ್ಳುವವರಿಲ್ಲದ ಹೊತ್ತಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದ್ದೇ ಬೆಳೆಗಾರ ವ್ಯಾಪಾರಿಯ ಮುಂದೆ ಅವಸರಪಡಬಾರದೆಂದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಪತ್ತಿನ ಸಂಘ ತೆರೆದಾಗಿನಿಂದ ಸಹಕಾರದ ಕೆಲಸ ಇದೇ ಅಲ್ಲವೇ? ನಾವು ನಡುವೆ ರಿಜಿಸ್ಟರು ಚೆನ್ನಾಗಿಡಲು ಕಲಿತೆವು.

ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದ್ದೇವೆ. ಪರವಾಗಿಯೋ ವಿರೋಧವಾಗಿಯೋ, ಬರಲಾಗದ ಸದಸ್ಯರು ಪತ್ರ ಬರೆದರೆ ಸಭೆಯಲ್ಲಿ ಓದಲಾಗುವುದು.

ಕೊನೆಯದಾಗಿ ಒಂದು ಪ್ರಕಟಣೆ. ಅಂಗಡಿಯನ್ನು ಮುಂದುವರಿಸಲು ಮನೆಯವರಿಗೆ ಅನುಕೂಲವಿಲ್ಲ; ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ದೀಪಾವಳಿಗೆ ಮನೆ ಮುಚ್ಚುವವರಿದ್ದಾರೆ. ಅಟ್ಟದಲ್ಲಿದ್ದ ಕಾಯಿ ಬಹುಪಾಲು ಅವರವರಿಗೆ ಸೇರಿದೆ. ಮೂರು ರಾಶಿ ಮಾತ್ರ ಉಳಿದಿವೆ. ಒಂದರ ಮೇಲಿನ ತೊಲೆಯಲ್ಲಿ ಕುಡುಗೋಲಿನ ಗುರುತಿದೆ, ಒಂದಕ್ಕೆ ಎರಡು ಸೊನ್ನೆ, ಇನ್ನೊಂದಕ್ಕೆ ಹಕ್ಕಿಯಂಥದ್ದು, ನವಿಲಿರಬಹುದು. ಈ ಗುರುತಿನವರು ಸಂಘದ ಕಚೇರಿಗೆ ಬಂದರೆ ಬೀಗದ ಕೈ ಇದೆ, ಆಳನ್ನೂ ಜೊತೆಗೆ ಕಳಿಸುತ್ತೇವೆ. ಪಹಣಿಯಾಗಲಿ ಚೀಟಿಯಾಗಲಿ ತರಬೇಕಾಗಿಲ್ಲ.